ಒಂದೇ ನೀರು, ಎರಡು ಬಾಟಲಿ

"ನೀರು ಒಂದೇ ಅಲ್ವಾ ಮೇಡಂ? ಬಾಟಲಿ ಯಾಕೆ ಎರಡು?"

ದೋಣಿಯವರು ಇದನ್ನು ಕೇಳಿದ್ದು, ನದಿ ಸಮುದ್ರ ಸೇರುವ ಅಳಿವೆಯಲ್ಲಿ ನೀರಿನ ಸ್ಯಾಂಪಲ್ ತೆಗೆಯಲು ಹೊರಟ ನಮ್ಮ ಮೂರನೇ ಟ್ರಿಪ್‌ನಲ್ಲಿ. ಮೊದಲಿನ ಎರಡು ಸಲ ಸುಮ್ಮನೆ ನೋಡಿದ್ದರು. ಕೈಗೆ ಗ್ಲೌಸ್ ಹಾಕುವುದು, ಅದರ ಮೇಲೆ ಇನ್ನೊಂದು ಗ್ಲೌಸ್ ಏರಿಸುವುದು, ಚೀಲ ಬಿಚ್ಚಿದರೆ ಒಳಗೆ ಇನ್ನೊಂದು ಚೀಲ ಇರುವುದು, ಹೊರಚೀಲ ಮುಟ್ಟಿದವರು ಒಳಚೀಲ ಮುಟ್ಟದೇ ಇರುವುದು. ಮಡಿಯಲ್ಲಿರುವವರ ಹತ್ತಿರ ಹೋಗಬಾರದು ಅನ್ನುವ ಹಾಗೆ ಅವರು ದೂರದಲ್ಲೇ ಕೂತಿರುತ್ತಿದ್ದರು. ಆ ದಿನ ಮಾತ್ರ ತಡೆಯಲಾಗಲಿಲ್ಲ. ನಾನು "ಒಂದು ಲೋಹಕ್ಕೆ, ಇನ್ನೊಂದು ಸಾವಯವ ವಸ್ತುವಿಗೆ" ಅಂದೆ. ಅವರು ತಲೆಯಾಡಿಸಿ ಇಂಜಿನ್ ಕಡೆ ತಿರುಗಿದರು. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ಪ್ರಶ್ನೆ ಇವತ್ತಿನವರೆಗೂ ನನ್ನ ಬೆನ್ನು ಬಿಟ್ಟಿಲ್ಲ. ಯಾಕೆಂದರೆ ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುವುದೇ ನೀರಿನಲ್ಲಿ ಈ ಎರಡು ಹೇಗೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ ಅನ್ನುವುದರ ಬಗ್ಗೆ. ಆ ಜೋಡಿಯನ್ನು ದೋಣಿಯಲ್ಲೇ, ಮೊದಲ ನಿಮಿಷದಲ್ಲೇ, ನನ್ನ ಕೈಯಾರೆ ಬಿಡಿಸುತ್ತೇನೆ.

ಬಾಟಲಿಗಳ ಕಥೆ ಸ್ವಲ್ಪ ಹೇಳಬೇಕು. ಲೋಹ ಅಳೆಯುವ ನೀರಿನ ಬಾಟಲಿ ಪ್ಲಾಸ್ಟಿಕ್‌ನದು. ಅದನ್ನು ಮೊದಲು ಸೋಪಿನ ನೀರಿನಲ್ಲಿ, ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೆನೆಹಾಕುತ್ತೇವೆ. ಒಂದೆರಡು ಗಂಟೆ ಸಾಲದು, ವಾರಗಟ್ಟಲೆ ಬೇಕು. ನಂತರ ಅತಿ ಶುದ್ಧ ನೀರಿನಲ್ಲಿ ಐದಾರು ಸಲ ಜಾಲಿಸಿ, ಧೂಳು ಸೋಸಿದ ಗಾಳಿ ಬೀಸುವ ಹುಡ್‌ನಲ್ಲಿ ಒಣಗಿಸಿ, ಎರಡು ಚೀಲದೊಳಗೆ ಕಟ್ಟಿಡುತ್ತೇವೆ. ಇಲ್ಲಿ ಗಾಜು ನಡೆಯುವುದಿಲ್ಲ. ಗಾಜು ತನ್ನಲ್ಲಿರುವ ಲೋಹವನ್ನು ನೀರಿಗೆ ಬಿಡುತ್ತದೆ, ನೀರಿನಲ್ಲಿರುವುದನ್ನು ಹಿಡಿದುಕೊಳ್ಳುತ್ತದೆ ಕೂಡ. ಸಾವಯವದ ಬಾಟಲಿ ಮಾತ್ರ ಗಾಜಿನದೇ ಆಗಬೇಕು. ಸಾವಯವ ಅಂದರೆ ಎಲೆ, ಪಾಚಿಯಂಥ ಜೀವಿಗಳಿಂದ ನೀರಿಗೆ ಇಳಿದ, ಕಾರ್ಬನ್ ಇರುವ ವಸ್ತು. ಪ್ಲಾಸ್ಟಿಕ್ ಅಂದರೆ ಕಾರ್ಬನ್ ತಾನೆ, ಅದು ನೀರಿಗೆ ಇಳಿದರೆ ಕೆಲಸ ಕೆಟ್ಟಿತು. ಹಾಗಾಗಿ ಗಾಜಿನ ಬಾಟಲಿಯನ್ನು 450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನಾಲ್ಕೈದು ಗಂಟೆ ಸುಡುತ್ತೇವೆ, ಬೆರಳಿನ ಜಿಡ್ಡು ಕೂಡ ಉಳಿಯದ ಹಾಗೆ. ಸೋಸುವ ಫಿಲ್ಟರ್‌ಗಳೂ ಬೇರೆ: ಲೋಹಕ್ಕೆ ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಪೊರೆ, ಸಾವಯವಕ್ಕೆ ಸುಟ್ಟ ಗಾಜಿನ ನಾರು. ಒಂದನ್ನು ಕಾಯುವುದು ಇನ್ನೊಂದನ್ನು ಕೆಡಿಸುತ್ತದೆ. ಲೋಹದ ಬಾಟಲಿಗೆ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿ ತಿಂಗಳುಗಟ್ಟಲೆ ಇಡುತ್ತೇವೆ. ಆ ಆಸಿಡ್‌ಗೆ ಲೋಹ ಹಿಡಿದುಕೊಂಡಿದ್ದ ಕೈಯೆಲ್ಲ ಸಡಿಲವಾಗುತ್ತದೆ. ಸಾವಯವದ ನೀರು ಕೊನೆಗೆ ಹೋಗುವುದು 680ರಿಂದ 720 ಡಿಗ್ರಿಯಷ್ಟು ಕಾದ ಕೊಳವೆಗೆ. ಅಲ್ಲಿ ಎಲ್ಲವೂ ಸುಟ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನಾವು ಆ ಅನಿಲವನ್ನು ಅಳೆಯುತ್ತೇವೆ. ಮತ್ತೆ ಈ ಎರಡು ಸೇರುವುದು ಎಕ್ಸೆಲ್ ಹಾಳೆಯ ಪಕ್ಕಪಕ್ಕದ ಕಾಲಂಗಳಲ್ಲಿ.

ಉಪ್ಪಿನ ನಂಬರ್ ಹಿಡಿದು

ಅಳಿವೆಯಲ್ಲಿ ಕೆಲಸ ಮಾಡುವವರಿಗೆ ಜಾಗದ ಹೆಸರಿನಿಂದ ಜಾಸ್ತಿ ಪ್ರಯೋಜನ ಇಲ್ಲ. ಬೆಳಿಗ್ಗೆ ಒಂದು ಬಂಡೆಯ ಪಕ್ಕ ಇದ್ದ ನೀರು ಇಳಿತಕ್ಕೆ ಕಿಲೋಮೀಟರ್‌ಗಟ್ಟಲೆ ಕೆಳಗೆ ಹೋಗಿರುತ್ತದೆ, ಉಬ್ಬರಕ್ಕೆ ಮತ್ತೆ ಮೇಲೆ ಬಂದಿರುತ್ತದೆ. ಬಂಡೆ ಅಲ್ಲೇ ಇದ್ದರೂ ನೀರು ಬೇರೆ. ಅದಕ್ಕೇ ನಮ್ಮ ಸ್ಟೇಷನ್‌ಗಳಿಗೆ ಊರ ಹೆಸರಿಲ್ಲ, ಉಪ್ಪಿನ ನಂಬರ್ ಇದೆ. ನದಿ ನೀರು ಅಂದರೆ ಹೆಚ್ಚುಕಡಿಮೆ ಸೊನ್ನೆ. ತೆರೆದ ಸಮುದ್ರ ಅಂದರೆ ಒಂದು ಕೆಜಿ ನೀರಿಗೆ ಸುಮಾರು 35 ಗ್ರಾಂ ಉಪ್ಪು. ಈ 0 ಮತ್ತು 35ರ ನಡುವೆ ಉಪ್ಪು ಅಳೆಯುವ ಮೀಟರ್ ಇಳಿಬಿಟ್ಟುಕೊಂಡು ದೋಣಿ ಓಡಾಡುತ್ತದೆ. "2 ಬಂತು, ನಿಲ್ಲಿಸಿ." ನಿಲ್ಲಿಸಿ ಬಾಟಲಿ ಬಿಚ್ಚುವಷ್ಟರಲ್ಲಿ 3 ಆಗಿರುತ್ತದೆ. ಈ ಶುರುವಿನ ನಂಬರ್‌ಗಳಲ್ಲೇ ಆಟ ಎಲ್ಲ ಇರುವುದು, ಹಾಗಾಗಿ 0ರಿಂದ 5ರ ನಡುವೆ ನಾವು ಒತ್ತೊತ್ತಾಗಿ ಸ್ಯಾಂಪಲ್ ತೆಗೆಯುತ್ತೇವೆ. ಆ ಐದು ಅಂಕಿಗಳು ಕೆಲವು ದಿನ ನೂರಾರು ಮೀಟರ್‌ನಲ್ಲೇ ಮುಗಿದುಹೋಗುತ್ತವೆ. ದೋಣಿಯವರು ಈಗೀಗ ಮೀಟರ್ ನೋಡದೆಯೇ, ನೀರಿನ ಮೇಲೆ ನೊರೆಯ ಗೆರೆ ಎಲ್ಲಿದೆ ಅಂತ ನೋಡಿ, "ಇಲ್ಲಿ ನಿಮ್ಮ ಎರಡು ಇರಬೇಕು" ಅನ್ನುತ್ತಾರೆ. ಅವರು ತಪ್ಪುವುದು ಅಪರೂಪ.

ಲೆಕ್ಕ ಸರಳ. ಉಪ್ಪಿನಂಶ ಅಡ್ಡಕ್ಕೆ, ನಮಗೆ ಬೇಕಾದ ವಸ್ತು ಉದ್ದಕ್ಕೆ ಹಾಕಿ ಗ್ರಾಫ್ ಬರೆಯಬೇಕು. ನದಿ ನೀರು, ಸಮುದ್ರದ ನೀರು ಎರಡೂ ಬರೀ ಬೆರೆಯುತ್ತಿದ್ದರೆ ಚುಕ್ಕಿಗಳು ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಗೆರೆಗಿಂತ ಕೆಳಗೆ ಬಿದ್ದರೆ ದಾರಿಯಲ್ಲಿ ಏನೋ ಕಳೆದುಹೋಗಿದೆ. ಮೇಲೆ ಎದ್ದರೆ ಎಲ್ಲಿಂದಲೋ ಬಂದು ಸೇರಿದೆ. ಕಬ್ಬಿಣ ಆ ಗೆರೆಯ ಮೇಲೆ ಕೂತಿದ್ದನ್ನು ನಾನಂತೂ ನೋಡಿಲ್ಲ. ಅದು ಮೊದಲ ಕೆಲವು ಅಂಕಿಗಳಲ್ಲೇ ಕಡಿದು ಬೀಳುತ್ತದೆ. ಆಮೇಲೆ ನೆಲಕ್ಕೆ ಅಂಟಿಕೊಂಡ ಹಾಗೆ ಸಮುದ್ರದವರೆಗೆ ತೆವಳುತ್ತದೆ. ನದಿಯ ಒಂದು ಲೀಟರ್ ನೀರಿನಲ್ಲಿ ಕರಗಿದ ಕಬ್ಬಿಣ ಹತ್ತಾರು ಮೈಕ್ರೋಗ್ರಾಂ ಇದ್ದರೆ, ನಡುಸಮುದ್ರದ ಮೇಲ್ಪದರದಲ್ಲಿ ಅದು ಕೆಲವೇ ನ್ಯಾನೋಗ್ರಾಂ. ಸಾವಿರಾರು ಪಟ್ಟು ವ್ಯತ್ಯಾಸ. ಅಳಿವೆ ಅನ್ನುವ ಪದದೊಳಗೆ ಅಳಿವು ಕೂತಿದೆಯಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ. ಪದದ ಹುಟ್ಟು ಬಲ್ಲವರು ನಗಬಹುದು. ಇದು ಬರೀ ಕಿವಿಗೆ ಕೇಳಿದ್ದು.

ಓದಿ ತಿಳಿದದ್ದನ್ನು ಕಣ್ಣಾರೆ ನೋಡಿದ ದಿನ ಚೆನ್ನಾಗಿ ನೆನಪಿದೆ. ಮಳೆ ಬಂದು ಹೋದ ವಾರ. ನದಿಯ ನೀರನ್ನು 0.45 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತೂತಿನ ಫಿಲ್ಟರ್‌ನಲ್ಲಿ ಸೋಸಿ ಇಟ್ಟಿದ್ದೆ. ಸೋಸಿದ ಮೇಲೂ ಅದಕ್ಕೆ ತೆಳು ಚಹಾದ ಬಣ್ಣ. ಕೊಳೆತ ಎಲೆ, ಬೇರು, ಮಣ್ಣಿನಿಂದ ಇಳಿದು ಬಂದ ಹ್ಯೂಮಿಕ್ ವಸ್ತುಗಳ ಬಣ್ಣ ಅದು. ಪಕ್ಕದಲ್ಲಿ ಸೋಸಿದ ಸಮುದ್ರದ ನೀರು, ಕನ್ನಡಿಯ ಹಾಗೆ ತಿಳಿ. ಎರಡನ್ನೂ ಬೇರೆ ಬೇರೆ ಅಳತೆಯಲ್ಲಿ ಸಾಲಾಗಿ ಬಾಟಲಿಗಳಿಗೆ ಸುರಿದೆ. ಏನೂ ಆಗಲಿಲ್ಲ. ಬಣ್ಣ ಸ್ವಲ್ಪ ತೆಳುವಾಯಿತು, ಅಷ್ಟೆ. ಹತ್ತು ನಿಮಿಷ ಕಾದೆ. ಏನೋ ತಪ್ಪು ಮಾಡಿದೆ ಅಂದುಕೊಂಡು ಬೇರೆ ಕೆಲಸಕ್ಕೆ ಹೋದೆ. ಗಂಟೆ ಬಿಟ್ಟು ಬಂದು ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಬಾಟಲಿಯ ಪಕ್ಕಕ್ಕೆ ಹಿಡಿದೆ. ಒಳಗೆಲ್ಲ ಕಣಗಳು. ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಹಾಗೆ, ಆದರೆ ಧೂಳಿಗಿಂತ ನಿಧಾನವಾಗಿ, ಎಳೆ ಎಳೆಯಾಗಿ. ಮರುದಿನ ಬೆಳಿಗ್ಗೆ ತಳದಲ್ಲಿ ಕಂದು ಗಸಿ ಕೂತಿತ್ತು. ಹಾಲು ಒಡೆದ ಹಾಗೆ ನೀರು ಒಡೆದಿತ್ತು. ನಿನ್ನೆ ಅದೇ ಫಿಲ್ಟರ್ ಮೂಲಕ ಸಲೀಸಾಗಿ ಹಾದುಬಂದ ನೀರನ್ನು ಮತ್ತೆ ಸೋಸಿದರೆ ಈ ಸಲ ಬಿಳಿ ಫಿಲ್ಟರ್ ಮೇಲೆ ತುಕ್ಕಿನ ಬಣ್ಣದ ದುಂಡು ಕಲೆ ಮೂಡಿತು. ಆ ಫಿಲ್ಟರನ್ನು ಒಂದು ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ. ಅಳೆಯುವುದಕ್ಕೇನೂ ಅಲ್ಲ, ಸುಮ್ನೆ.

ನಡೆಯುವುದು ಇಷ್ಟು. ನದಿಯಲ್ಲಿ ಕಬ್ಬಿಣದ ಅತಿ ಚಿಕ್ಕ ಕಣಗಳಿಗೆ ಹ್ಯೂಮಿಕ್ ವಸ್ತುವಿನ ಹೊದಿಕೆ ಇರುತ್ತದೆ. ಆ ಹೊದಿಕೆಗೆ ಋಣ ವಿದ್ಯುತ್ತು ಇರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲಿಕೊಂಡಿರುತ್ತವೆ. ಸಮುದ್ರದ ನೀರು ಬಂದ ತಕ್ಷಣ ಅದರ ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಧನ ವಿದ್ಯುತ್ತು ಆ ತಳ್ಳಾಟವನ್ನು ಮುಗಿಸುತ್ತದೆ. ದೂರ ಇದ್ದವು ಅಂಟಿಕೊಳ್ಳುತ್ತವೆ, ಗಂಟಾಗುತ್ತವೆ, ಭಾರವಾಗಿ ತಳ ಸೇರುತ್ತವೆ. ಇದನ್ನು ಲ್ಯಾಬ್‌ನಲ್ಲಿ ಅಚ್ಚುಕಟ್ಟಾಗಿ ಮಾಡಿ ತೋರಿಸಿದವರು ಎಡ್ವರ್ಡ್ ಶೋಲ್ಕೊವಿಟ್ಜ್. ಸ್ಕಾಟ್ಲೆಂಡಿನ ನದಿಗಳ ನೀರನ್ನು ಸಮುದ್ರದ ನೀರಿಗೆ ಬೆರೆಸಿ, ಹೊರಬಿದ್ದ ಗಸಿಯನ್ನೇ ಅಳೆದು, 1976ರಲ್ಲಿ ಪ್ರಕಟಿಸಿದರು. ನನ್ನ ತಲೆಯಲ್ಲಿ ಉಳಿದದ್ದು ಅಲ್ಲಿನ ಒಂದು ಸಂಖ್ಯೆ. ಕರಗಿದ ಸಾವಯವ ವಸ್ತುವಿನಲ್ಲಿ ಹೊರಬಿದ್ದದ್ದು ಶೇಕಡಾ 3ರಿಂದ 11 ಮಾತ್ರ. ಕಬ್ಬಿಣದ ವಿಷಯಕ್ಕೆ ಬಂದರೆ ಅಳಿವೆಗಳಲ್ಲಿ ಸುಮಾರು ಶೇಕಡಾ 90ರಷ್ಟು ಬಿದ್ದುಹೋಗುತ್ತದೆ ಅನ್ನುವುದು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪುವ ಮಾತು.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೂರು ಜನರ ಗುಂಪಿನಿಂದ ಹತ್ತು ಜನ ಎದ್ದು ಹೋದರು, ಅವರ ಜೊತೆಗೆ ಮನೆಯ ಸಾಮಾನೆಲ್ಲ ಹೋಯಿತು! ಅಂದರೆ ಕಬ್ಬಿಣ ಎಲ್ಲ ಸಾವಯವ ವಸ್ತುವಿನ ಜೊತೆಗೂ ಇರಲಿಲ್ಲ. ದೊಡ್ಡ ಅಣುಗಳ ಒಂದು ಸಣ್ಣ ಗುಂಪಿನ ಜೊತೆ ಇತ್ತು. ನನ್ನ ಗಾಜಿನ ಬಾಟಲಿ ಆ ಗುಂಪನ್ನು ಬೇರೆಯಾಗಿ ತೋರಿಸುವುದೇ ಇಲ್ಲ. ಅದು ಒಟ್ಟು ಕಾರ್ಬನ್ ಇಷ್ಟು ಅಂತ ಹೇಳುತ್ತದೆ. ಎಲೆಯದೋ, ಪಾಚಿಯದೋ, ಬ್ಯಾಕ್ಟೀರಿಯಾದ್ದೋ, ಎಲ್ಲ ಒಂದೇ ಹೊಗೆ. ಹಾಗಾಗಿ ನನ್ನ ಗ್ರಾಫ್‌ನಲ್ಲಿ ಸಾವಯವ ಕಾರ್ಬನ್ ಹೆಚ್ಚುಕಡಿಮೆ ನೇರ ಗೆರೆಯ ಮೇಲೆ ತಣ್ಣಗೆ ಕೂತಿರುತ್ತದೆ, ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಅದೇ ನೀರಿನ ಇನ್ನೊಂದು ಬಾಟಲಿಯಲ್ಲಿ ಕಬ್ಬಿಣ ಮಣ್ಣುಪಾಲಾಗಿರುತ್ತದೆ.

ನನ್ನ ಕೆನ್ನೆಯ ಸತು

ಎಲ್ಲ ಲೋಹಗಳೂ ಕಬ್ಬಿಣದ ಹಾಗಲ್ಲ. ಕ್ಯಾಡ್ಮಿಯಂ ತೀರಾ ಉಲ್ಟಾ. ನದಿಯಲ್ಲಿ ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಬರುತ್ತದೆ. ಉಪ್ಪು ಜಾಸ್ತಿಯಾದ ಹಾಗೆ ನೀರಿನ ಕ್ಲೋರೈಡ್ ಅದನ್ನು ಕಣದಿಂದ ಕಿತ್ತು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಅಳಿವೆಯ ನಡುವೆ ಗ್ರಾಫ್‌ನಲ್ಲಿ ಒಂದು ಗುಡ್ಡ ಏಳುತ್ತದೆ. ಫ್ರಾನ್ಸಿನ ಜಿರೋಂಡ್ ಅಳಿವೆ ಇದಕ್ಕೆ ಹೆಸರುವಾಸಿ. ಮೇಲೆಲ್ಲೋ ಲೋ ನದಿಯ ಕಡೆ ಹಳೆಯ ಸತು ಉದ್ಯಮ ಬಿಟ್ಟುಹೋದ ಕ್ಯಾಡ್ಮಿಯಂ ಹೂಳಿನ ಜೊತೆ ಇಳಿದು ಬಂದು, ಉಪ್ಪುನೀರಿನಲ್ಲಿ ಬಿಡುಗಡೆಯಾಗಿ, ಅಲ್ಲಿನ ಸಿಂಪಿಗಳ ಮೈಸೇರಿತು. ಅಳಿವೆ ಬರೀ ಜರಡಿಯಲ್ಲ, ಕೆಲವಕ್ಕೆ ಬಾಗಿಲು ಕೂಡ. ಇದೆಲ್ಲ ಓದಿಕೊಂಡಿದ್ದೇ ನನಗೆ ಮುಳುವಾಯಿತು.

ಒಂದು ಟ್ರಿಪ್‌ನ ಸತುವಿನ ಡೇಟಾ ಬಂದಾಗ ನಡುವಿನ ಮೂರು ಸ್ಟೇಷನ್‌ಗಳಲ್ಲಿ ಚೆಂದದ ಗುಡ್ಡ ಎದ್ದಿತ್ತು. ಸತುವೂ ಕ್ಯಾಡ್ಮಿಯಂನ ಹಾಗೆ ಕಣಗಳಿಂದ ಬಿಡಿಸಿಕೊಳ್ಳುತ್ತಿದೆ ಅಂತ ನಾನು ಖುಷಿಪಟ್ಟೆ. ಎರಡು ವಾರ ಆ ಗುಡ್ಡದ ಮೇಲೇ ಕೂತಿದ್ದೆ. ಹೂಳಿನ ಲೆಕ್ಕ ಹಾಕಿದೆ, ಉಬ್ಬರದ ವೇಳೆ ಹೊಂದಿಸಿದೆ, ಸ್ಲೈಡ್ ಮಾಡಿದೆ. ತೋರಿಸಿದಾಗ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಬ್ಲ್ಯಾಂಕ್ ಎಷ್ಟಿತ್ತು?" ಬ್ಲ್ಯಾಂಕ್ ಅಂದರೆ ಲ್ಯಾಬ್‌ನಿಂದಲೇ ತಂದ ಶುದ್ಧ ನೀರು. ಅದನ್ನು ದೋಣಿಯಲ್ಲಿ ಬಿಚ್ಚಿ, ಸ್ಯಾಂಪಲ್‌ನ ಹಾಗೇ ಸೋಸಿ, ವಾಪಸ್ ತಂದು ಅಳೆಯುತ್ತೇವೆ. ಅದರಲ್ಲಿ ಏನು ಕಂಡರೂ ಅದು ನಮ್ಮದೇ ಕೊಳೆ. ಆ ದಿನ ಎರಡು ಬ್ಲ್ಯಾಂಕ್ ಇದ್ದವು. ಬೆಳಗಿನದು ಸರಿಯಿತ್ತು. ಮಧ್ಯಾಹ್ನದ್ದು ಜಾಸ್ತಿ ಬಂದಿತ್ತು. ಯಂತ್ರದ ತೊಂದರೆ ಇರಬೇಕು ಅಂತ ನಾನೇ ಅದನ್ನು ಪಕ್ಕಕ್ಕೆ ಸರಿಸಿದ್ದೆ.

ಆಮೇಲೆ ಹುಡುಕಾಟ. ಆಸಿಡ್ ಬಾಟಲಿ ನೋಡಿದೆವು. ಗ್ಲೌಸ್ ನೋಡಿದೆವು, ಕೆಲವು ಗ್ಲೌಸ್‌ಗಳಲ್ಲೇ ಸತು ಇರುತ್ತದೆ. ಎಲ್ಲ ಸರಿಯಿತ್ತು. ಕೊನೆಗೆ ಸಿಕ್ಕಿದ್ದು ಜೊತೆಗಿದ್ದವರ ಮೊಬೈಲ್‌ನಲ್ಲಿ. ಬಾಟಲಿಯ ಮೇಲೆ ಬಗ್ಗಿ ನಿಂತ ನನ್ನ ಫೋಟೋ, ಅದರ ಮೇಲೆ ವೇಳೆ. ಮುಖ ಬೆಳ್ಳಗೆ ಹೊಳೆಯುತ್ತಿದೆ. ಬಿಸಿಲು ಏರಿತು ಅಂತ ನಡುವೆ ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದೆ! ಅದರ ಮುಖ್ಯ ವಸ್ತು ಸತುವಿನ ಆಕ್ಸೈಡ್. ಮೂರು ಸ್ಟೇಷನ್‌ಗಳ ಗುಡ್ಡ ಹೂಳಿನಿಂದ ಬಂದಿರಲಿಲ್ಲ, ನನ್ನ ಕೆನ್ನೆಯಿಂದ ಉದುರಿತ್ತು. ಆ ಮೂರು ಚುಕ್ಕಿಗಳನ್ನು ಅಳಿಸಿದ ಮೇಲೆ ಉಳಿದ ಗ್ರಾಫ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ದೋಣಿಯಲ್ಲಿ ಅಗಲ ಟೋಪಿ ಹಾಕುತ್ತೇನೆ, ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತೇನೆ. ಸ್ಯಾನಿಟೈಸರ್ ಕೂಡ ಹತ್ತಿರ ಸೇರಿಸುವುದಿಲ್ಲ. ಅದರ ಆಲ್ಕೋಹಾಲ್ ಆವಿ ಗಾಜಿನ ಬಾಟಲಿಯ ಕಾರ್ಬನ್ ಲೆಕ್ಕ ಕೆಡಿಸುತ್ತದೆ.

ನಾಚಿಕೆ ಕಡಿಮೆ ಮಾಡಿಕೊಳ್ಳಲು ನಾನು ಕ್ಲೇರ್ ಪ್ಯಾಟರ್ಸನ್ ಕಥೆಯನ್ನು ನೆನೆಸಿಕೊಳ್ಳುತ್ತೇನೆ. ಭೂಮಿಯ ವಯಸ್ಸು 455 ಕೋಟಿ ವರ್ಷ ಅಂತ 1956ರಲ್ಲಿ ಲೆಕ್ಕ ಕೊಟ್ಟವರು ಅವರು. ಆ ಲೆಕ್ಕಕ್ಕೆ ಉಲ್ಕಾಶಿಲೆಯಲ್ಲಿನ ಸೀಸ ಅಳೆಯಬೇಕಿತ್ತು. ಅಳೆಯಲು ಹೊರಟರೆ ಎಲ್ಲೆಲ್ಲೂ ಸೀಸ: ಗಾಳಿಯಲ್ಲಿ, ಧೂಳಿನಲ್ಲಿ, ಕೂದಲಲ್ಲಿ. ಅದನ್ನು ತಡೆಯುವುದಕ್ಕೇ ಅವರು ಹೊಸ ಬಗೆಯ ಶುಚಿ ಲ್ಯಾಬ್ ಕಟ್ಟಿಕೊಂಡರು. ಆಮೇಲೆ ಸಮುದ್ರದ ನೀರಿನ ಕಡೆ ತಿರುಗಿ ನೋಡಿದರೆ ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸ ಜಾಸ್ತಿ. ಅದು ಬಂದದ್ದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದಿಂದ. ಆ ವಾದದ ಬೆನ್ನು ಹತ್ತಿ ಅವರು ಉದ್ಯಮವನ್ನೇ ಎದುರು ಹಾಕಿಕೊಂಡರು. ಜಗತ್ತಿನಲ್ಲಿ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದು ಪೂರ್ತಿ ನಿಂತದ್ದು 2021ರಲ್ಲಿ, ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ. ಪ್ಯಾಟರ್ಸನ್ ಕಲಿಸಿದ ಶುಚಿಯ ಪಾಠವನ್ನು 1970ರ ದಶಕದಲ್ಲಿ ಉಳಿದವರೂ ಪಾಲಿಸತೊಡಗಿದಾಗ ಸಮುದ್ರದ ಲೋಹಗಳ ಅಂಕಿಗಳು ಒಂದೊಂದಾಗಿ ಕುಸಿದವು. ಕೆಲವು ಹತ್ತು ಪಟ್ಟು, ಕೆಲವು ಸಾವಿರ ಪಟ್ಟು. ಸಮುದ್ರ ಬದಲಾಗಿರಲಿಲ್ಲ. ಅಲ್ಲಿಯವರೆಗೆ ಎಲ್ಲರೂ ಅಳೆದದ್ದು ತಮ್ಮ ಹಡಗಿನ ತುಕ್ಕನ್ನು, ತಮ್ಮ ಬಾಟಲಿಯನ್ನು, ತಮ್ಮ ಕೈಯನ್ನು.

ಕರಗಿದ್ದು ಅಂತ ಹೇಳಿದ್ದು ಯಾರು?

ಇಲ್ಲಿಯವರೆಗೆ "ಕರಗಿದ ಕಬ್ಬಿಣ" ಅಂತ ಸಲೀಸಾಗಿ ಬರೆದುಕೊಂಡು ಬಂದೆ. ಅದರಲ್ಲೂ ಒಂದು ಮೋಸ ಇದೆ. 0.45 ಮೈಕ್ರಾನ್ ತೂತಿನ ಫಿಲ್ಟರ್‌ನಲ್ಲಿ ಹಾದುಬಂದದ್ದೆಲ್ಲ ಕರಗಿದ್ದು, ಮೇಲೆ ಉಳಿದದ್ದೆಲ್ಲ ಕಣ. ಕೆಲವರು 0.2 ಬಳಸುತ್ತಾರೆ. ನೀರಿಗೆ ಈ ಅಂಕಿ ಗೊತ್ತಿಲ್ಲ. ನದಿಯಲ್ಲಿ "ಕರಗಿದ್ದು" ಅಂತ ನಾವು ಬರೆದುಕೊಳ್ಳುವ ಕಬ್ಬಿಣದ ಬಹುಪಾಲು ಉಪ್ಪು, ಸಕ್ಕರೆಯ ಹಾಗೆ ಕರಗಿದ್ದಲ್ಲ. ತೂತಿಗಿಂತ ಚಿಕ್ಕದಾಗಿದ್ದು, ತಳ ಸೇರದೆ ತೇಲುವ ಕೊಲಾಯ್ಡ್ ಕಣಗಳು, ಅಷ್ಟೆ. ಇನ್ನೂ ಕಿರಿಕಿರಿಯ ವಿಷಯ ಬೇರೆ ಇದೆ. ಕಂದು ನೀರು ಸೋಸುತ್ತ ಹೋದ ಹಾಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ತೂತು ಕಿರಿದಾಗುತ್ತದೆ. ಸಿರಿಂಜ್ ಒತ್ತುತ್ತಿರುವ ಹೆಬ್ಬೆರಳಿಗೆ ಅದು ಗೊತ್ತಾಗುತ್ತದೆ. ಹಾಗಾಗಿ ಮೊದಲು ಇಳಿದ ನೀರು, ಕೊನೆಗೆ ಇಳಿದ ನೀರು ಒಂದೇ ಆಗಿರುವುದಿಲ್ಲ. ಒಂದೇ ಬಾಟಲಿಯೊಳಗೆ "ಕರಗಿದ್ದು" ಅನ್ನುವ ಪದದ ಅರ್ಥ ಬದಲಾಗುತ್ತ ಇಳಿಯುತ್ತದೆ. ಕೈಗೆ ಬಿಗಿ ಅನ್ನಿಸಿದ ತಕ್ಷಣ ಫಿಲ್ಟರ್ ಬದಲಾಯಿಸಬೇಕು. ಈ ಬಿಗಿಯನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ.

ಉಪ್ಪು ದಾಟಿ ಹೋದವು

ಬಿದ್ದುಹೋದ 90ರ ಬಗ್ಗೆ ಜಾಸ್ತಿ ಮಾತಾಡಿದ್ದಾಯಿತು. ಇತ್ತೀಚೆಗೆ ನನಗೆ ಉಳಿದ 10ರ ಮೇಲೇ ಕಣ್ಣು. ಉಪ್ಪಿನ ಗೋಡೆ ದಾಟಿದ ಆ ಕಬ್ಬಿಣವನ್ನು ಕಾಪಾಡಿದವರು ಯಾರು? ಇಲ್ಲೂ ಉತ್ತರ ಸಾವಯವ ವಸ್ತುವೇ. ಲಿಗ್ಯಾಂಡ್ ಅನ್ನುತ್ತೇವೆ: ಲೋಹವನ್ನು ಇಕ್ಕುಳದ ಹಾಗೆ ಹಿಡಿದುಕೊಳ್ಳುವ ಅಣು. ಸಮುದ್ರದಲ್ಲಿ ಕರಗಿದ ಕಬ್ಬಿಣದ ಶೇಕಡಾ 99ಕ್ಕಿಂತ ಜಾಸ್ತಿ ಇಂಥ ಇಕ್ಕುಳಗಳಲ್ಲಿ ಸಿಕ್ಕಿಕೊಂಡಿದೆ ಅಂತ 1990ರ ದಶಕದ ಮಧ್ಯದಲ್ಲಿ ಗೊತ್ತಾಯಿತು. ಇಕ್ಕುಳ ಇಲ್ಲದಿದ್ದರೆ ಅದು ತುಕ್ಕಾಗಿ ತಳ ಸೇರುತ್ತಿತ್ತು. ತಾಮ್ರದ ಕಥೆಯೂ ಇದೇ, ಆದರೆ ಅಲ್ಲಿ ಹಿಡಿತ ಬೇಕಾಗಿರುವುದು ಬೇರೆ ಕಾರಣಕ್ಕೆ. ಬಿಡಿಯಾಗಿರುವ ತಾಮ್ರ ಸೂಕ್ಷ್ಮ ಪಾಚಿಗಳಿಗೆ ವಿಷ. ನೀರಿನಲ್ಲಿ ತಾಮ್ರ ಎಷ್ಟಿದೆ ಅನ್ನುವುದಕ್ಕಿಂತ ಅದರಲ್ಲಿ ಹಿಡಿತ ತಪ್ಪಿಸಿಕೊಂಡದ್ದು ಎಷ್ಟು ಅನ್ನುವುದೇ ಮುಖ್ಯ. ಅಮೆರಿಕದ ಪರಿಸರ ಸಂಸ್ಥೆ 2007ರಲ್ಲಿ ಸಿಹಿನೀರಿನ ತಾಮ್ರಕ್ಕೆ ಮಿತಿ ಹಾಕುವಾಗ ಕರಗಿದ ಸಾವಯವ ಕಾರ್ಬನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಎರಡು ಕಾಲಂ ಒಂದಾದ ಅಪರೂಪದ ಸಂದರ್ಭ.

ಕಬ್ಬಿಣಕ್ಕೆ ಯಾಕಿಷ್ಟು ಮಹತ್ವ ಅಂದರೆ, ಸಮುದ್ರದ ದೊಡ್ಡ ಭಾಗಗಳಲ್ಲಿ ಪಾಚಿ ಬೆಳೆಯದೇ ಇರುವುದಕ್ಕೆ ಅದರ ಕೊರತೆಯೇ ಕಾರಣ. 1980ರ ದಶಕದ ಕೊನೆಯಲ್ಲಿ ಸಮುದ್ರ ವಿಜ್ಞಾನಿ ಜಾನ್ ಮಾರ್ಟಿನ್ ಈ ಮಾತನ್ನು ಗಟ್ಟಿಯಾಗಿ ಹೇಳಿದಾಗ ನಂಬಿದವರು ಕಡಿಮೆ. 1993ರಲ್ಲಿ ಪೆಸಿಫಿಕ್‌ನ ತೆರೆದ ನೀರಿಗೆ ಕಬ್ಬಿಣ ಸುರಿದು ನೋಡಿದರು, ಪಾಚಿ ಬೆಳೆಯಿತು. ಮಾರ್ಟಿನ್ ಅದೇ ವರ್ಷ ತೀರಿಕೊಂಡರು, ಆ ಪ್ರಯೋಗ ನಡೆಯುವ ಮೊದಲೇ. ಹಾಗಿದ್ದರೆ ನದಿ ತರುವ ಕಬ್ಬಿಣ ಎಷ್ಟು ದೂರ ಹೋಗುತ್ತದೆ? ಬಹಳ ಕಾಲ ಎಲ್ಲರ ಉತ್ತರ ಒಂದೇ ಇತ್ತು: ಅಳಿವೆಯಲ್ಲೇ ಮುಗಿಯುತ್ತದೆ. ಸಮುದ್ರದ ಲೋಹಗಳನ್ನು ಅಳೆಯಲು 2010ರಲ್ಲಿ ಶುರುವಾದ ಜಿಯೋಟ್ರೇಸಸ್ ಯೋಜನೆಯ ಹಡಗುಗಳು 2015ರಲ್ಲಿ ಉತ್ತರ ಧ್ರುವದ ಕಡೆ ಹೋದಾಗ ಅಲ್ಲಿ ಮಂಜುಗಡ್ಡೆಯ ಕೆಳಗೆ, ಸೈಬೀರಿಯಾದ ಕಡೆಯಿಂದ ಹರಿದು ಬರುವ ಪ್ರವಾಹದಲ್ಲಿ, ಕಬ್ಬಿಣ ಜಾಸ್ತಿ ಇತ್ತು. ಅದರ ಜೊತೆಗೇ ನೆಲದ ಹ್ಯೂಮಿಕ್ ವಸ್ತು. ಲೀನಾ, ಯೆನಿಸಿಯಂಥ ನದಿಗಳು ತಂದದ್ದು ಅಳಿವೆ ದಾಟಿ, ದಡ ದಾಟಿ, ಸಾವಿರಾರು ಕಿಲೋಮೀಟರ್ ಆಚೆ ಕೈ ಬಿಡದೆ ಹೋಗಿತ್ತು. ಇಂಥ ಜೌಗು ನೆಲದ ನದಿಗಳು ಬೇರೆಯೇ ಜಾತಿ.

ಸಾವಯವದ ಕಡೆಯಿಂದ ನೋಡಿದರೆ ಒಗಟು ಇನ್ನೂ ದೊಡ್ಡದು. ಜಗತ್ತಿನ ನದಿಗಳು ವರ್ಷಕ್ಕೆ ಸುಮಾರು 25 ಕೋಟಿ ಟನ್ ಕರಗಿದ ಸಾವಯವ ಕಾರ್ಬನ್ ಸಮುದ್ರಕ್ಕೆ ಸುರಿಯುತ್ತವೆ. ಸಮುದ್ರದಲ್ಲಿ ಒಟ್ಟು ಇರುವುದು ಸುಮಾರು 66,000 ಕೋಟಿ ಟನ್. ಆಳದ ನೀರಿನಲ್ಲಿ ಅದರ ವಯಸ್ಸು 4,000ದಿಂದ 6,000 ವರ್ಷ. ಗುಣಿಸಿ ನೋಡಿ. 4,000 ವರ್ಷ ನದಿಗಳು ಸುರಿದದ್ದೇ 1,00,000 ಕೋಟಿ ಟನ್ ಆಗುತ್ತದೆ. ಅಂದರೆ ಸಮುದ್ರದ ಸಾವಯವವೆಲ್ಲ ನದಿಯಿಂದಲೇ ಬಂದದ್ದು ಅಂತ ಹೇಳಿ ಮಿಕ್ಕಿಸಬಹುದು. ಆದರೆ ನೆಲದ ಗಿಡಮರಗಳು ಮಾತ್ರ ತಯಾರಿಸುವ ಲಿಗ್ನಿನ್ ಎಂಬ ವಸ್ತುವಿನ ಚೂರುಗಳನ್ನು ನಡುಸಮುದ್ರದಲ್ಲಿ ಹುಡುಕಿದರೆ ಸಿಗುವುದು ತೀರಾ ಕಡಿಮೆ. ಅಷ್ಟೆಲ್ಲ ಎಲೆಯ ರಸ ಎಲ್ಲಿಗೆ ಹೋಯಿತು? ಸ್ವಲ್ಪ ಗಸಿಯಾಗಿ ಬಿತ್ತು, ಸ್ವಲ್ಪ ಬ್ಯಾಕ್ಟೀರಿಯಾ ತಿಂದವು, ಸ್ವಲ್ಪವನ್ನು ಬಿಸಿಲು ಒಡೆದು ಬಣ್ಣ ತೆಗೆಯಿತು. ನೆಲದಿಂದ ಬಂದದ್ದು ಗುರುತೇ ಸಿಗದಷ್ಟು ಬದಲಾಗಿ ಇನ್ನೂ ಅಲ್ಲೇ ಇದ್ದರೂ ಇರಬಹುದು. ನನಗೆ ಈ ಕೊನೆಯ ಉತ್ತರದ ಮೇಲೆ ಒಲವು ಜಾಸ್ತಿ. ಅದಕ್ಕೆ ಸಾಕ್ಷಿ ಕೊಡುವಷ್ಟು ಡೇಟಾ ಮಾತ್ರ ನನ್ನ ಬಳಿ ಇಲ್ಲ.

ಮೂರನೆಯದು

ಹಿಡಿತವನ್ನೇ ಅಳೆಯುವುದಕ್ಕೆ ಒಂದು ದಾರಿ ಇದೆ. ವೋಲ್ಟಮೆಟ್ರಿ. ಅದರ ಉಪಾಯ ನನಗೆ ತುಂಬಾ ಇಷ್ಟ. ನೀರಿಗೆ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಲಿಗ್ಯಾಂಡ್ ಹಾಕುತ್ತೇವೆ, ಲೋಹವನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಹೋಗುತ್ತೇವೆ. ನೀರಿನದೇ ಆದ ಲಿಗ್ಯಾಂಡ್‌ಗಳಿಗೂ ನಮ್ಮದಕ್ಕೂ ಜಗ್ಗಾಟ ಶುರುವಾಗುತ್ತದೆ. ನಮ್ಮ ಕಡೆ ಬಂದ ಲೋಹ ಮಾತ್ರ ಪಾದರಸದ ಒಂದು ಸಣ್ಣ ಹನಿಯ ಮೇಲೆ ಹೋಗಿ ಕೂರುತ್ತದೆ, ಕರೆಂಟಿನ ಸಣ್ಣ ಏರಿಕೆಯಾಗಿ ಪರದೆಯ ಮೇಲೆ ಕಾಣುತ್ತದೆ. ಎದುರಾಳಿ ಎಷ್ಟು ಬಲಶಾಲಿ ಅನ್ನುವುದು ನಾವು ಎಷ್ಟು ಸೋತೆವು ಅನ್ನುವುದರಿಂದ ತಿಳಿಯುತ್ತದೆ. ಒಂದು ಸ್ಯಾಂಪಲ್‌ಗೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಅಷ್ಟಾದರೂ ಎದುರಾಳಿಯ ಮುಖ ಕಾಣುವುದಿಲ್ಲ, ಬಲ ಮಾತ್ರ ಗೊತ್ತಾಗುತ್ತದೆ. ಹ್ಯೂಮಿಕ್ ಇರಬಹುದಾ ಅಂತ ನೋಡಲು ಪಕ್ಕದಲ್ಲಿ ಅಮೆರಿಕದ ಸುವಾನಿ ನದಿಯಿಂದ ತೆಗೆದ, ಹ್ಯೂಮಿಕ್ ಜಾತಿಯದೇ ಆದ ಫಲ್ವಿಕ್ ಆಸಿಡ್ ಪುಡಿ ಇಟ್ಟುಕೊಂಡು ಹೋಲಿಸುತ್ತೇವೆ. ಜಗತ್ತಿನ ಎಷ್ಟೋ ಲ್ಯಾಬ್‌ಗಳು ತಮ್ಮ ತಮ್ಮ ನದಿಯನ್ನು ಆ ಒಂದು ನದಿಯ ಪುಡಿಗೆ ಹೋಲಿಸಿ ನೋಡುತ್ತಿರುವುದು ನೆನೆದರೆ ನಗು ಬರುತ್ತದೆ.

ಈ ಅಳತೆಗೆ ಬೇರೆಯದೇ ನೀರು ಬೇಕು. ಆಸಿಡ್ ಹಾಕಿದರೆ ಹಿಡಿತ ಬಿಟ್ಟುಹೋಗುತ್ತದೆ, ಹಾಗಾಗಿ ಹಾಕುವಂತಿಲ್ಲ. ಬಾಟಲಿ ಆಸಿಡ್‌ನಲ್ಲಿ ನೆನೆದದ್ದಾಗಿರಬೇಕು, ಆದರೆ ಅದರ ಕುರುಹೂ ಉಳಿಯದಂತೆ ಜಾಲಿಸಿರಬೇಕು. ಸೋಸಿದ ಕೂಡಲೇ ಐಸ್ ಪೆಟ್ಟಿಗೆಗೆ, ಅಲ್ಲಿಂದ ಮೈನಸ್ 20ರ ಫ್ರೀಜರ್‌ಗೆ. ಅದೂ ಪೂರ್ತಿ ಕ್ಷೇಮ ಅಲ್ಲ. ಕಂದು ನೀರು ಹೆಪ್ಪುಗಟ್ಟಿ ಮತ್ತೆ ಕರಗಿದಾಗ ಕೆಲವು ಸಲ ತಳದಲ್ಲಿ ಗಸಿ ಇರುತ್ತದೆ. ಬಾಟಲಿ ಅಲುಗಾಡಿಸಿದರೆ ಅದು ಎದ್ದು ತೇಲುತ್ತದೆ, ಮತ್ತೆ ಮೊದಲಿನ ಹಾಗೆ ಕರಗುವುದಿಲ್ಲ.

ಹೋದ ಟ್ರಿಪ್‌ನಲ್ಲಿ ಮೊದಲ ಸ್ಟೇಷನ್‌ನಲ್ಲೇ ಆ ಬಾಟಲಿ ಹೊರಗೆ ತೆಗೆದೆ. ದೋಣಿಯವರು ಬೆರಳು ಮಡಿಸಿ ಎಣಿಸಿದರು.

"ಈಗ ಮೂರಾಯ್ತಲ್ಲ ಮೇಡಂ?"

"ಇದು ಎರಡೂ ಸೇರಿ ಇರೋದನ್ನ ನೋಡೋಕೆ" ಅಂದೆ.

"ಹಾಗಾದ್ರೆ ಮೊದಲಿನ ಎರಡು ಯಾಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನೊರೆಯ ಗೆರೆಯ ಕಡೆ ಕೈ ತೋರಿಸಿ ಇಂಜಿನ್ ಆರಿಸಿದರು. ಮೀಟರ್ ಇಳಿಬಿಟ್ಟೆ. 1.8. ಮೂರೂ ಬಾಟಲಿಗಳ ಚೀಲ ಬಿಚ್ಚಿದೆವು.